ರವಿವಾರದ ರೊಟ್ಟಿ, ವಾರದ ಬುತ್ತಿ



ಕ್ರೈಸ್ತ ವಿಶ್ವಾಸವನ್ನು ದಿನದ ಬದುಕಿನಲ್ಲಿಯೂ ಸಭೆಯ ಕೂಡುಬಾಳಿನಲ್ಲಿಯೂ ನಡೆಸುವುದು ಹೇಗೆ ಎಂಬುದು ಇಂದಿನ ವಿಷಯ. ದೇವರ ಕಥೆಯನ್ನು ಗುಡಿಯ ಒಳಗಿನಿಂದ ಅಂಗಳಕ್ಕೆ ತರುವುದು ಕೌಜಲಗಿಯ ಈ ಸೀಮೆಗೆ ಹೊಸದಲ್ಲ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ, ಕೌಜಲಗಿ ನಿಂಗಮ್ಮನವರ ಹೆಸರಿನೊಂದಿಗೆ ಈ ಊರನ್ನು ನಾಡಿಗೆಲ್ಲ ಪರಿಚಯಿಸಿದ ಶ್ರೀಕೃಷ್ಣ ಪಾರಿಜಾತದ ಆಟವನ್ನೇ ನೋಡಿ. ಒಂದು ಹೂವಿಗಾಗಿ ಎದ್ದ ಅಂತಃಪುರದ ಮುನಿಸು ಅಲ್ಲಿ ನಮ್ಮ ಪಡಸಾಲೆಯ ಮಾತಿನಲ್ಲಿ, ನಮ್ಮ ಗಂಡಹೆಂಡಿರ ಧಾಟಿಯಲ್ಲಿ ಬರುತ್ತದೆ. ಮೇಲಿನದು ಕೆಳಗಿನ ಮಾತಿನಲ್ಲಿ ಬಂದರೆ ಅದರ ಬೆಲೆ ಇಳಿಯುವುದಿಲ್ಲ, ಅದು ನಮ್ಮದಾಗುತ್ತದೆ. ಈ ತಿಳಿವಳಿಕೆಯುಳ್ಳ ನೆಲದಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಇದು: ಯೇಸುಸ್ವಾಮಿಯ ಸುವಾರ್ತೆ ನಮ್ಮ ಪಡಸಾಲೆಗೆ, ಹೊಲದ ಬದುವಿಗೆ, ಸಂತೆಯ ತಕ್ಕಡಿಗೆ ಬಂದಿದೆಯೇ, ಅಥವಾ ಪ್ರಾರ್ಥನಾಲಯದ ಬಾಗಿಲಲ್ಲೇ ನಿಂತಿದೆಯೇ?

ನನ್ನ ವಾದ ಒಂದೇ. ಕ್ರೈಸ್ತ ಆರಾಧನೆಯ ನಡುಮಧ್ಯದಲ್ಲಿ ಇರುವುದು ಒಂದು ಊಟ, ಕರ್ತನ ಭೋಜನ. ಆದ್ದರಿಂದ ಆ ವಿಶ್ವಾಸವನ್ನು ಒರೆಗೆ ಹಚ್ಚಬೇಕಾದದ್ದೂ ಊಟದ ಪಂಕ್ತಿಯಲ್ಲೇ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ವರ್ಷಗಟ್ಟಲೆ ದುಡಿದ ಫಲವಾಗಿ 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ನಾವು ಇಂದು ಓದುವ ಕನ್ನಡ ಬೈಬಲ್ಲಿನಲ್ಲಿ ಯೇಸುಸ್ವಾಮಿ ಕಡೆಯ ರಾತ್ರಿ ಮುರಿದು ಹಂಚಿದ್ದು ‘ರೊಟ್ಟಿ’. ಜೋಳದ ರೊಟ್ಟಿಯ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಹಂಚಿನ ಮೇಲೆ ಬೇಯುವ, ಬಟ್ಟೆಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಒಯ್ಯುವ, ಹಸಿದವನಿಗೆ ಮುರಿದು ಕೊಡುವ ವಸ್ತುವಿನ ಹೆಸರೇ ಅತ್ಯಂತ ಪವಿತ್ರವಾದ ಸಂಸ್ಕಾರಕ್ಕೂ ಬಂತು. ರವಿವಾರ ಪೀಠದ ಮುಂದೆ ತೆಗೆದುಕೊಂಡ ರೊಟ್ಟಿ ಸೋಮವಾರದಿಂದ ಶನಿವಾರದವರೆಗಿನ ಬುತ್ತಿಯಾಗಬೇಕು. ಬುತ್ತಿಯಾಗದ ರೊಟ್ಟಿ, ಎಷ್ಟೇ ಭಕ್ತಿಯಿಂದ ತೆಗೆದುಕೊಂಡರೂ, ಅಲ್ಲೇ ಒಣಗುತ್ತದೆ.

ಇದು ಈ ಕಾಲದವರ ಹೊಸ ವ್ಯಾಖ್ಯಾನವಲ್ಲ; ಮೊದಲ ಸಭೆಗಳ ಜಗಳಗಳೇ ಇದಕ್ಕೆ ಸಾಕ್ಷಿ. ಕೊರಿಂಥದ ಸಭೆಗೆ ಪೌಲನು ಬರೆದ ಮೊದಲ ಪತ್ರದ ಹನ್ನೊಂದನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಸಂಸ್ಕಾರದ ವಿಧಿ ಎಂದು ಓದುತ್ತೇವೆ. ಪೌಲನು ಅಲ್ಲಿ ಮಾತೆತ್ತಿದ್ದು ವಿಧಿ ತಪ್ಪಿತೆಂದಲ್ಲ, ಪಂಕ್ತಿ ಕೆಟ್ಟಿತೆಂದು. ಉಳ್ಳವರು ತಮ್ಮ ಊಟವನ್ನು ತಾವೇ ಮೊದಲು ಉಂಡು ಮುಗಿಸುತ್ತಿದ್ದರು. ದುಡಿಮೆ ಮುಗಿಸಿ ಬಂದ ಬಡವರು ಹಸಿದು ಕೂರುತ್ತಿದ್ದರು. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲನು ಅವರಿಗೆ ಖಂಡತುಂಡವಾಗಿ ಹೇಳುತ್ತಾನೆ. ಅಂದರೆ ಪ್ರಾರ್ಥನೆ ಸರಿಯಿದ್ದು, ಹಾಡು ಸರಿಯಿದ್ದು, ಪಕ್ಕದವನು ಹಸಿದಿದ್ದರೆ ಸಂಸ್ಕಾರವೇ ನಡೆದಿಲ್ಲ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವೂ ಊಟದ ಜಗಳದಿಂದಲೇ ಶುರುವಾಗುತ್ತದೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಕಡಿಮೆ ಬೀಳುತ್ತಿದೆ ಎಂಬ ದೂರು ಬಂದಾಗ ಸಭೆ ಅದನ್ನು ಹೆಂಗಸರ ಗೊಣಗಾಟವೆಂದು ತಳ್ಳಿಹಾಕಲಿಲ್ಲ. ಏಳು ಜನರನ್ನು ಆರಿಸಿ, ಕೈಯಿಟ್ಟು ಪ್ರಾರ್ಥಿಸಿ, ಅನ್ನ ಬಡಿಸುವ ಹೊಣೆಯನ್ನು ಅವರಿಗೆ ಒಪ್ಪಿಸಿತು. ಬಡಿಸುವ ಕೆಲಸಕ್ಕೆ ಅಭಿಷೇಕದ ಗೌರವ ಸಿಕ್ಕಿತು ಎನ್ನುವುದನ್ನು ನಾವು ಮರೆಯಬಾರದು.

ಕನ್ನಡ ನಾಡಿಗೆ ಈ ಮಾತು ಬಹಳ ಬೇಗ ಅರ್ಥವಾಗಬೇಕು. ನಮ್ಮಲ್ಲಿ ‘ಪಂಕ್ತಿಭೇದ’ ಎಂಬ ಶಬ್ದವೇ ಇದೆ; ಯಾರ ಜೊತೆ ಕೂತು ಉಣ್ಣುತ್ತೇವೆ, ಯಾರ ಮನೆಗೆ ಹೆಣ್ಣು ಕೊಡುತ್ತೇವೆ ಎಂಬುದರಲ್ಲೇ ಸಮಾಜದ ನಿಜವಾದ ಧರ್ಮಶಾಸ್ತ್ರ ಅಡಗಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರ ಮಾತನ್ನು ಸಹಿಸಿಕೊಂಡವರು ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಲಗ್ನವಾದಾಗ ಸಹಿಸಲಿಲ್ಲ. ಬೋಧನೆಯನ್ನು ಲೋಕ ಕ್ಷಮಿಸುತ್ತದೆ, ನಂಟಸ್ತಿಕೆಯನ್ನು ಕ್ಷಮಿಸುವುದಿಲ್ಲ. ಮಿಷನರಿಗಳು ಈ ನೆಲಕ್ಕೆ ಬಂದಾಗ ಅವರೂ ಇದೇ ಬಂಡೆಗೆ ಮುಟ್ಟಿದರು. ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಕೆಲಸ ಆರಂಭಿಸಿದರು. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1851ರಲ್ಲಿ ಗುಳೇದಗುಡ್ಡಕ್ಕೆ ಬಂತು. ಅದೇ ಕಾಲದಲ್ಲಿ, 1833ರಲ್ಲಿ, ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಗೆ ಜಾಗವಿಲ್ಲವೆಂದು ಸುತ್ತೋಲೆ ಹೊರಡಿಸಿದರು. 1850ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನ ಇನ್ನೂ ಮುಂದೆ ಹೋಯಿತು: ದೀಕ್ಷಾಸ್ನಾನ ಕೇಳುವವನು ಜಾತಿ ಬಿಟ್ಟಿದ್ದಾನೆ ಎನ್ನುವುದಕ್ಕೆ ಬಾಯಿಮಾತು ಸಾಲದು, ಎಲ್ಲರೊಂದಿಗೆ ಉಣ್ಣಲು ಸಿದ್ಧನೆಂದು ಉಂಡೇ ತೋರಿಸಬೇಕು. ಲೈಪ್ಜಿಗ್ ಮಿಷನ್ನಿನ ಲುಥೆರನರು ಇದನ್ನು ಒಪ್ಪಲಿಲ್ಲ. ಜಾತಿ ಕಾಲಕ್ರಮದಲ್ಲಿ ತಾನೇ ಸವೆಯಲಿ ಎಂದರು. ಒಂದೂಮುಕ್ಕಾಲು ಶತಮಾನ ಕಳೆದ ಮೇಲೆ ನಿಂತು ನೋಡುವ ನಮಗೆ, ಜಾತಿ ತಾನೇ ಸವೆಯುವ ವಸ್ತುವಲ್ಲವೆಂದು ಗೊತ್ತಾಗಿದೆ.

ಸವೆದಿಲ್ಲ ಎನ್ನುವುದಕ್ಕೆ ಹೊರಗಿನವರ ಸಾಕ್ಷಿ ಬೇಕಿಲ್ಲ. ಭಾರತದ ಕಥೋಲಿಕ ಬಿಷಪರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಸಭೆಯೊಳಗೆ ಅಸ್ಪೃಶ್ಯತೆಯ ನಡವಳಿಕೆ ಇದೆಯೆಂದು ಒಪ್ಪಿಕೊಂಡಿತು. ತಪ್ಪೊಪ್ಪಿಗೆಯನ್ನು ಸಂಸ್ಕಾರವಾಗಿ ಉಳ್ಳ ಸಭೆ ತಾನೇ ತಪ್ಪೊಪ್ಪಿಕೊಂಡದ್ದು ದೊಡ್ಡ ಹೆಜ್ಜೆ. ಆದರೆ ಪೀಠದ ಮುಂದೆ ಒಂದೇ ಬಟ್ಟಲಿನಿಂದ ಕುಡಿದವರು ಮನೆಗೆ ಹೋಗಿ ಗಂಡು-ಹೆಣ್ಣು ಹುಡುಕುವಾಗ ಹಳೆಯ ಕೇರಿಯ ಹೆಸರನ್ನು ಮೆಲ್ಲಗೆ ವಿಚಾರಿಸಿದರೆ, ಸುಡುವುದೋ ಹೂಳುವುದೋ ಎಂಬ ಪ್ರಶ್ನೆಯಿಲ್ಲದ ಸಮುದಾಯದಲ್ಲೂ ಹೂಳುವ ಜಾಗದಲ್ಲಿ ಗೋಡೆ ಎದ್ದರೆ, ಆ ಬಟ್ಟಲು ಬುತ್ತಿಯಾಗಿಲ್ಲ. ಇಲ್ಲಿ ಕಾನೂನಿನ ಒಂದು ಗಂಟೂ ಇದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಆ ಸ್ಥಾನ ಕೊಟ್ಟಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು. ಕ್ರೈಸ್ತರೂ ಮುಸಲ್ಮಾನರೂ ಹೊರಗುಳಿದರು. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ. ಹೀಗಾಗಿ ಶಾಲೆಯ ದಾಖಲೆಯಲ್ಲಿ ಒಂದು, ರವಿವಾರ ಇನ್ನೊಂದು ಎಂದು ಬಾಳುವ ಮನೆಗಳುಂಟು. ಅವರನ್ನು ಎರಡು ಮುಖದವರೆಂದು ಬೈಯುವುದು ಸುಲಭ. ಮಕ್ಕಳ ಓದಿನ ಹಕ್ಕನ್ನು ಬಿಟ್ಟುಕೊಟ್ಟೇ ವಿಶ್ವಾಸವನ್ನು ಹೇಳಿಕೊಳ್ಳಬೇಕಾದ ಬೆಲೆಯನ್ನು ಅವರ ಮೇಲೆ ಹೇರಿದವರು ಅವರಲ್ಲ. ಆ ಬೆಲೆಯನ್ನು ಹೊರಲು ಹೆಗಲು ಕೊಡದ ಸಭೆಗೆ ಬೈಯುವ ಹಕ್ಕೂ ಇಲ್ಲ.

ಪಂಕ್ತಿಯ ಪರೀಕ್ಷೆ ಊಟಕ್ಕೇ ಮುಗಿಯುವುದಿಲ್ಲ. ಊಟವನ್ನು ಬೆಳೆಯುವ ಕೈಗೂ ಅದು ತಲುಪುತ್ತದೆ. ಯಾಕೋಬನ ಪತ್ರ ಚಿಕ್ಕದು, ಆದರೆ ಹೊಲದ ಮಾತು ಅದರಲ್ಲಿ ದೊಡ್ಡದಾಗಿ ಕೇಳುತ್ತದೆ: ಪೈರು ಕೊಯ್ದವರಿಗೆ ಕೊಡದೆ ಹಿಡಿದ ಕೂಲಿ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಎಂಬುದು ಅದರ ಎಚ್ಚರಿಕೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ನೀರಾವರಿ ಹೊಲಗಳಲ್ಲಿ ಕಬ್ಬು ಕಡಿಯುವ ಹಂಗಾಮು ಬಂದಾಗ ಈ ಪತ್ರವನ್ನು ಓದಬೇಕು. ಮುಂಗಡ ಪಡೆದು ಊರು ಬಿಟ್ಟು ಬಂದು ಗದ್ದೆಯ ಬದುವಿನಲ್ಲಿ ಗುಡಿಸಲು ಹಾಕುವ ಕುಟುಂಬಗಳ ಲೆಕ್ಕ ಸರಿಯಾಗಿ ಚುಕ್ತಾ ಆಗುತ್ತದೆಯೇ, ಅವರ ಮಕ್ಕಳು ಆ ತಿಂಗಳುಗಳಲ್ಲಿ ಶಾಲೆಯ ಮುಖ ನೋಡುತ್ತಾರೆಯೇ ಎಂಬುದು ಕ್ರೈಸ್ತನಿಗೆ ರಾಜಕಾರಣದ ಪ್ರಶ್ನೆಯಷ್ಟೇ ಅಲ್ಲ, ಆರಾಧನೆಯ ಪ್ರಶ್ನೆ. ಸುಗ್ಗಿಯ ಹಬ್ಬದಲ್ಲಿ ಪೀಠದ ಮುಂದೆ ತಂದಿಡುವ ಮೊದಲ ಫಲ ಯಾರ ಬೆವರಿನದು, ಆ ಬೆವರಿಗೆ ಬೆಲೆ ಸಂದಿದೆಯೇ ಎಂದು ಕೇಳದೆ ಕಾಣಿಕೆಯನ್ನು ಹರಸುವುದು ಹೇಗೆ? ಜಕ್ಕಾಯನು ಸುಂಕದ ಕಟ್ಟೆಯಲ್ಲಿ ವಂಚಿಸಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಹೇಳಿದ ಮೇಲೆಯೇ ಯೇಸುಸ್ವಾಮಿ ಆ ಮನೆಗೆ ರಕ್ಷಣೆ ಬಂತೆಂದು ಹೇಳಿದರು.

ಹಾಗಾದರೆ ಒಂದು ಸಭೆ ಇದನ್ನೆಲ್ಲ ನಡೆಸುವುದು ಯಾವ ಬಗೆಯಿಂದ? ಪ್ರಸಂಗದಿಂದ ಮಾತ್ರ ಆಗದು. ಇದಕ್ಕೆ ಬೆಳಗಾವಿ ಸೀಮೆಯ ಸಭೆಗಳ ಮನೆತನದಲ್ಲೇ ಒಂದು ಪಾಠವಿದೆ. ಲಂಡನ್ ಮಿಷನ್ 1904ರಲ್ಲಿ ಬೆಳಗಾವಿಯ ಕೆಲಸವನ್ನು ಮೆಥೋಡಿಸ್ಟ್ ಸಭೆಗೆ ಒಪ್ಪಿಸಿತು; ಊರ ಹೊರಗಿನ ಕೇರಿಗಳಲ್ಲಿ ಆ ಸಭೆ ಬೇರು ಬಿಟ್ಟಿತು; 1981ರಲ್ಲಿ ಭಾರತದ ಮೆಥೋಡಿಸ್ಟ್ ಸಭೆಯಾಗಿ ತನ್ನ ಕಾಲ ಮೇಲೆ ನಿಂತಿತು. ಆ ಮನೆತನದ ಮೂಲಪುರುಷ ಜಾನ್ ವೆಸ್ಲಿಯ ಕಾಲದಲ್ಲಿ, 1742ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ಪ್ರಾರ್ಥನಾಮಂದಿರದ ಮೇಲಿನ ಸಾಲ ತೀರಿಸುವ ಮಾತು ಬಂತು. ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದಾಯಿತು. ಕೊಡಲಾಗದ ಬಡವರಿದ್ದಾರಲ್ಲ ಎಂದು ಒಬ್ಬರು ಕೇಳಿದಾಗ, ಅತಿ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಕೊಡಿ, ಅವರಿಗಾಗದ್ದನ್ನು ನಾನೇ ತುಂಬುತ್ತೇನೆ ಎಂದು ಒಬ್ಬ ಮನುಷ್ಯ ಎದ್ದ. ಹೀಗೆ ಹನ್ನೆರಡು ಹನ್ನೆರಡು ಜನರ ವರ್ಗಗಳಾದವು. ಪೆನ್ನಿ ಕೇಳಲು ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಜಗಳ, ಯಾರ ಒಲೆ ಆರಿದೆ ಎಂಬುದು ಕಂಡಿತು. ಸಾಲ ವಸೂಲಿಗೆ ಹುಟ್ಟಿದ ಏರ್ಪಾಟು ಒಬ್ಬರನ್ನೊಬ್ಬರು ಕಾಯುವ ಏರ್ಪಾಟಾಯಿತು. ಮರುವರ್ಷ, 1743ರಲ್ಲಿ, ವೆಸ್ಲಿ ಸಹೋದರರು ಇಂಥ ಕೂಟಗಳಿಗೆ ಬರೆದ ನಿಯಮಗಳನ್ನು ನೋಡಿದರೆ ಅವು ಆಕಾಶದಲ್ಲಿ ತೇಲುವುದಿಲ್ಲ: ಹೆಂಡ ಮಾರಬಾರದು, ಅನ್ಯಾಯದ ಬಡ್ಡಿ ಹಾಕಬಾರದು, ಸುಂಕ ತಪ್ಪಿಸಿದ ಸರಕು ಕೊಳ್ಳಬಾರದು, ಅಣ್ಣತಮ್ಮಂದಿರು ಕೋರ್ಟು ಹತ್ತಬಾರದು, ಕೊಡುಕೊಳ್ಳುವಾಗ ಹೆಚ್ಚು ಮಾತು ಬೆಳೆಸಬಾರದು ಎಂಬಂಥವು. ಇದು ಸಂತೆಯ ಧರ್ಮ, ಮನೆಯ ಧರ್ಮ. ಪವಿತ್ರತೆ ಎಂಬ ದೊಡ್ಡ ಶಬ್ದವನ್ನು ತಕ್ಕಡಿಯ ಮಟ್ಟಕ್ಕೆ ಇಳಿಸಿದ ಧರ್ಮ.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಸಭೆಯ ಒಳಗಿನದು. ಮನುಷ್ಯ ನೀತಿವಂತನಾಗುವುದು ದೇವರ ಕೃಪೆಯಿಂದ, ವಿಶ್ವಾಸದಿಂದ. ಕೂಲಿ, ಬಡ್ಡಿ, ಪಂಕ್ತಿ ಎಂದು ಲೆಕ್ಕ ಹಚ್ಚಿದರೆ ಸುವಾರ್ತೆ ಹೋಗಿ ಕಟ್ಟಳೆ ಉಳಿಯುತ್ತದೆ ಎಂಬುದು ಅದು. ಈ ಭಯದಲ್ಲಿ ಸತ್ಯವಿದೆ. ತಾನು ಮಾಡಿದ ಒಳ್ಳೆಯದನ್ನು ಎಣಿಸುತ್ತ ಕೂರುವ ಭಕ್ತನಿಗಿಂತ ಬೇಸರದ ಮನುಷ್ಯನಿಲ್ಲ. ಆದರೆ ಕೃಪೆಯನ್ನು ಅಷ್ಟು ಎತ್ತಿ ಹಿಡಿದ ಪೌಲನೇ ಕೊರಿಂಥದ ಪಂಕ್ತಿಯ ವಿಷಯದಲ್ಲಿ ಅಷ್ಟು ಕಠಿಣನಾದ. ಓಡಿಹೋದ ಗುಲಾಮ ಒನೇಸಿಮನನ್ನು ಹಿಂದಕ್ಕೆ ಕಳಿಸುವಾಗ, ಅವನನ್ನು ಗುಲಾಮನಂತಲ್ಲ, ತಮ್ಮನಂತೆ ಬರಮಾಡಿಕೋ, ಅವನ ಸಾಲವಿದ್ದರೆ ನನ್ನ ಲೆಕ್ಕಕ್ಕೆ ಹಾಕು ಎಂದು ಫಿಲೆಮೋನನಿಗೆ ಬರೆದವನೂ ಅವನೇ. ಕೃಪೆ ಬೇರು, ನಡತೆ ಫಲ. ಬೇರನ್ನು ಫಲದಿಂದ ಕೊಳ್ಳಲಾಗದು, ನಿಜ; ಆದರೆ ವರ್ಷಾನುಗಟ್ಟಲೆ ಫಲ ಬಿಡದ ಗಿಡದ ಬೇರು ಹಸಿಯಾಗಿದೆ ಎಂದು ಯಾವ ರೈತನೂ ನಂಬುವುದಿಲ್ಲ. ತನ್ನ ಸಾಲ ಮನ್ನಾ ಆಯಿತೆಂದು ನಿಜವಾಗಿ ನಂಬಿದವನ ಕೈ ಇನ್ನೊಬ್ಬನ ಕುತ್ತಿಗೆಯ ಮೇಲಿರುವುದಿಲ್ಲ.

ಎರಡನೆಯ ಆಕ್ಷೇಪಣೆ ಹೊರಗಿನದು, ಇನ್ನೂ ಬಿರುಸಾದದ್ದು. ಸೇವೆ ಎನ್ನುವುದು ಜನರನ್ನು ಮತಕ್ಕೆ ಎಳೆಯುವ ಆಮಿಷ ಎಂಬ ಮಾತು ಈ ರಾಜ್ಯದಲ್ಲಿ 2022ರ ಮತಾಂತರ ನಿಯಂತ್ರಣ ಕಾಯ್ದೆಯವರೆಗೂ ಬಂತು. ಇದಕ್ಕೆ ಬರಿಯ ಕೋಪದಿಂದ ಉತ್ತರ ಕೊಡುವುದು ಸರಿಯಲ್ಲ. ಚರಿತ್ರೆಯನ್ನು ಪ್ರಾಮಾಣಿಕವಾಗಿ ನೋಡಬೇಕು. ಗದಗ ಸಮೀಪದ ಮಲ್ಲಸಮುದ್ರದಲ್ಲಿ ಬಾಸೆಲ್ ಮಿಷನ್ 1841ರಲ್ಲಿ ವಿಶ್ವಾಸಿಗಳಿಗಾಗಿ ಒಕ್ಕಲುತನದ ನೆಲೆಯೊಂದನ್ನು ತೆರೆಯಿತು. ಅದು ಬಹುಕಾಲ ನಿಲ್ಲಲಿಲ್ಲ. ಮಂಗಳೂರಿನಲ್ಲಿ 1865ರಲ್ಲಿ ಶುರುವಾದ ಹೆಂಚಿನ ಕಾರ್ಖಾನೆ ಬಹಳ ಮನೆಗಳಿಗೆ ಅನ್ನ ಕೊಟ್ಟಿತು, ಜೊತೆಗೆ ಮಿಷನ್ನಿನ ಮೇಲೆ ಒರಗುವ ರೂಢಿಯನ್ನೂ ಬೆಳೆಸಿತು. ಜಾತಿಯಿಂದ ಹೊರಬಿದ್ದವನಿಗೆ ಹೊಲ ಇಲ್ಲ, ಮನೆ ಇಲ್ಲ, ಕೆಲಸ ಇಲ್ಲ. ಅವನಿಗೆ ಕೆಲಸ ಕೊಡುವುದು ಕರ್ತವ್ಯವಾಗಿತ್ತು. ಆದರೆ ಕೊಡುವವನು ಸದಾ ಕೊಡುತ್ತ, ಪಡೆಯುವವನು ಸದಾ ಪಡೆಯುತ್ತ ಇದ್ದರೆ ಅದು ಪಂಕ್ತಿಯಲ್ಲ. ಒಬ್ಬ ನಿಂತು ಹಾಕುವ, ಒಬ್ಬ ಕೂತು ಕೈಯೊಡ್ಡುವ ಭಿಕ್ಷೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಸರಕಾರ ಬಂಧಿಸಿತು, ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಆಗಲೂ ಸಭೆಗಳು ಕರಗಿಹೋಗಲಿಲ್ಲ. ಸಂಬಳವೇ ಅವರನ್ನು ಹಿಡಿದಿದ್ದರೆ ಸಂಬಳ ನಿಂತ ದಿನ ಅವರು ಚದುರಬೇಕಿತ್ತು. ಆಮಿಷದ ಆರೋಪಕ್ಕೆ ಚರಿತ್ರೆ ಕೊಡುವ ಉತ್ತರ ಇದು. ನಾವು ಇಂದು ಕೊಡಬೇಕಾದ ಉತ್ತರ ಇನ್ನೊಂದು: ನಮ್ಮ ಸೇವೆಗೆ ಕರಾರು ಇರಬಾರದು. ಸಹಾಯ ಪಡೆದವನು ಮರುದಿನ ತನ್ನ ಗುಡಿಗೋ ದರ್ಗಾಕ್ಕೋ ಹೋದರೆ ನಮ್ಮ ಮುಖ ಬಾಡಬಾರದು. ಒಳ್ಳೆಯ ಸಮಾರ್ಯದವನು ಗಾಯಾಳುವಿನ ಮತವನ್ನು ಕೇಳಲೂ ಇಲ್ಲ, ಬದಲಿಸಲೂ ಇಲ್ಲ. ಛತ್ರದ ಖರ್ಚು ಕೊಟ್ಟು ತನ್ನ ದಾರಿ ಹಿಡಿದ.

ಮೂರನೆಯದು ನಮ್ಮ ಸೀಮೆಯದೇ ಪ್ರಶ್ನೆ. ಕಾಯಕ, ದಾಸೋಹ ಎಂದು ಶರಣರು ಇದನ್ನೆಲ್ಲ ಕಲಿಸಿದ್ದಾರಲ್ಲ, ಇದರಲ್ಲಿ ಕ್ರೈಸ್ತರದು ಏನು ಹೊಸದು? ಇದಕ್ಕೆ ಮೈದಾಳಿ ಬರುವ ಉತ್ತರ ಉತ್ತಂಗಿ ಚನ್ನಪ್ಪನವರ ಬಾಳು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ದುಡಿದು 1962ರಲ್ಲಿ ತೀರಿಕೊಂಡ ಅವರು, ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಕೂಡಿಹಾಕಿ 1924ರಲ್ಲಿ ಅಚ್ಚು ಹಾಕಿಸಿದರು. ಅನುಭವ ಮಂಟಪದ ಐತಿಹಾಸಿಕತೆಯ ಪರವಾಗಿ ಪುಸ್ತಕವನ್ನೇ ಬರೆದರು. 1949ರಲ್ಲಿ ಕಲಬುರಗಿಯಲ್ಲಿ ಸೇರಿದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಯೇಸುಸ್ವಾಮಿಯ ಮೇಲಿನ ಅವರ ನಿಷ್ಠೆ ಶರಣರ ಸಂಪತ್ತನ್ನು ಕಂಡು ಹೆದರಲಿಲ್ಲ. ಅವರ ಒಂದು ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮದ ವಿನಂತಿ’. ಆ ‘ವಿನಂತಿ’ ಎಂಬ ಶಬ್ದದಲ್ಲೇ ಒಬ್ಬ ಕನ್ನಡ ಕ್ರೈಸ್ತನ ಸಭ್ಯತೆ ಇದೆ. ನೆರೆಯವನ ಮನೆಯಲ್ಲೂ ದೀಪ ಉರಿಯುತ್ತಿದೆ ಎಂದು ತಿಳಿದರೆ ನಮ್ಮ ದೀಪ ಆರುವುದಿಲ್ಲ. ಪಂಕ್ತಿಯ ಪಾಠ ನಮ್ಮದಷ್ಟೇ ಅಲ್ಲ ಎನ್ನುವುದು ಸಂತೋಷದ ಸಂಗತಿ. ಅದನ್ನು ನಾವು ನಡೆಸದಿದ್ದರೆ ನಾಚಿಕೆ ಇಮ್ಮಡಿಯಾಗುತ್ತದೆ, ಏಕೆಂದರೆ ಆಗ ನಾವು ಯೇಸುಸ್ವಾಮಿಯ ಮುಂದೆಯೂ ಬಸವಣ್ಣನ ಮುಂದೆಯೂ ತಲೆತಗ್ಗಿಸಬೇಕು.

ಇಲ್ಲೇ ಬೈಲಹೊಂಗಲ ಸೀಮೆಯ ದೇಶನೂರನ್ನೂ ನೆನೆಯಬೇಕು. ಅಲ್ಲಿ ಯೇಸುಸಭೆಯ ಗುರುಗಳು ಸ್ನಾನಿಕ ಅರುಳಪ್ಪನವರ, ಅಂದರೆ ಸ್ನಾನಿಕ ಯೋಹಾನನ, ಹೆಸರಿನಲ್ಲಿ ವಿರಕ್ತಮಠದ ರೀತಿಯ ನೆಲೆ ಕಟ್ಟಿ, ಕಾವಿ ಉಟ್ಟು ಹಳ್ಳಿಯ ಬದುಕಿಗೆ ಹತ್ತಿರವಾದರು. 2019ರಲ್ಲಿ ಬೆಳಗಾವಿಯ ಬಿಷಪರು ಅಲ್ಲಿ ಕಾವಿ ಉಟ್ಟ ಚಿತ್ರಗಳು ಹರಡಿದಾಗ ಎರಡೂ ಕಡೆಯಿಂದ ಟೀಕೆ ಬಂತು. ಕೆಲವರಿಗೆ ಅದು ವೇಷ ಎನಿಸಿತು, ಕೆಲವರಿಗೆ ವಿಶ್ವಾಸದ ಸಡಿಲಿಕೆ ಎನಿಸಿತು. ನೆಲದ ಭಾಷೆ, ನೆಲದ ಉಡುಗೆ, ನೆಲದ ಹಾಡು ಸಭೆಗೆ ಬರಬೇಕು, ಇದರಲ್ಲಿ ಸಂದೇಹವಿಲ್ಲ. ಆದರೆ ದಲಿತ ಕ್ರೈಸ್ತರು ಎತ್ತುವ ಇನ್ನೊಂದು ಪ್ರಶ್ನೆಯನ್ನು ಕೇಳಿಸಿಕೊಳ್ಳದೆ ಮುಂದೆ ಹೋಗಬಾರದು: ನೆಲದ ಸಂಸ್ಕೃತಿ ಎಂದಾಗ ಯಾರ ಸಂಸ್ಕೃತಿ? ಮಠದ್ದೋ, ಕೇರಿಯದ್ದೋ? ಉಡುಗೆಗೆ ಬೆಲೆ ಬರುವುದು ಆ ಉಡುಗೆ ಉಟ್ಟವರು ಯಾರ ಅಂಗಳದಲ್ಲಿ ಕೂತು ಉಣ್ಣುತ್ತಾರೆ ಎಂಬುದರಿಂದ. ಮತ್ತೆ ಮಾತು ಪಂಕ್ತಿಗೇ ಬಂತು.

ಕಡೆಯ ಆಕ್ಷೇಪಣೆ ಸೋತ ದನಿಯದು: ನಾವು ಎಷ್ಟು ಜನ? 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87, ಈ ತಾಲ್ಲೂಕುಗಳಲ್ಲಿ ಒಂದೊಂದು ಊರಿಗೆ ಕೆಲವೇ ಮನೆಗಳು. ಇಷ್ಟು ಜನರಿಂದ ಏನಾದೀತು? ದೊಡ್ಡ ಸಭೆಗೆ ಆಗದ್ದು ಈ ಸಣ್ಣ ಸಭೆಗೇ ಆಗುತ್ತದೆ ಎಂಬುದು ನನ್ನ ಉತ್ತರ. ಸಾವಿರ ಜನರ ಚರ್ಚಿನಲ್ಲಿ ಪಕ್ಕದವನ ಹೆಸರು ತಿಳಿಯುವುದಿಲ್ಲ. ಹನ್ನೆರಡು ಮನೆಯ ಸಭೆಯಲ್ಲಿ ಯಾರ ಎಮ್ಮೆ ಸತ್ತಿತು, ಯಾರ ಮಗಳ ಓದು ನಿಂತಿತು ಎಂದು ಎಲ್ಲರಿಗೂ ಗೊತ್ತು. ವೆಸ್ಲಿಯ ವರ್ಗಕ್ಕೆ ಬೇಕಾದದ್ದು ಹನ್ನೆರಡೇ ಜನ. ಪ್ರತಿ ವಾರದ ಮನೆಪ್ರಾರ್ಥನೆಯಲ್ಲಿ ಹಾಡು, ಓದು ಮುಗಿದ ಮೇಲೆ ನಾಲ್ಕು ಪ್ರಶ್ನೆ ಕೇಳುವುದನ್ನು ರೂಢಿಗೆ ತರೋಣ: ನಾವು ಯಾರಿಗಾದರೂ ಕೂಲಿ ಬಾಕಿ ಉಳಿಸಿಕೊಂಡಿದ್ದೇವೆಯೇ? ನಮ್ಮಲ್ಲಿ ಯಾರು ಬಡ್ಡಿಯ ಸುಳಿಯಲ್ಲಿದ್ದಾರೆ? ಯಾರ ಜೊತೆ ನಮಗೆ ಮಾತು ನಿಂತಿದೆ? ಈ ವಾರ ಪಂಕ್ತಿಗೆ ಬಾರದವರು ಯಾರು, ಏಕೆ? ಉತ್ತರ ಹೇಳುವಾಗ ಸಭೆಯ ಹೆಂಗಸರ ಮಾತನ್ನು ಮೊದಲು ಕೇಳಬೇಕು. ಹಂಚಿಕೆಯಲ್ಲಿ ಎಲ್ಲಿ ಕಡಿಮೆ ಬಿದ್ದಿದೆ ಎಂದು ಯೆರೂಸಲೇಮಿನಲ್ಲಿಯೂ ಮೊದಲು ತಿಳಿದದ್ದು ವಿಧವೆಯರಿಗೇ.

ಹೊಲದಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಒಬ್ಬರ ರೊಟ್ಟಿಗೆ ಇನ್ನೊಬ್ಬರ ಪಲ್ಯ, ಮತ್ತೊಬ್ಬರ ಶೇಂಗಾ ಹಿಂಡಿ ಸೇರುತ್ತದೆ. ಬುತ್ತಿ ತರದವನನ್ನು ಯಾರೂ ಎಬ್ಬಿಸಿ ಕಳಿಸುವುದಿಲ್ಲ. ಎಲ್ಲರೂ ಒಂದೊಂದು ತುಂಡು ಮುರಿದರೆ ಅವನ ಊಟವೂ ಆಯಿತು. ಎರಡು ಸಾವಿರ ವರ್ಷಗಳಿಂದ ಕ್ರೈಸ್ತ ಸಭೆ ರವಿವಾರ ರವಿವಾರ ಅಭ್ಯಾಸ ಮಾಡುತ್ತ ಬಂದಿರುವುದು ಇದನ್ನೇ. ಅಭ್ಯಾಸ ಒಳಗೆ ನಡೆದರೂ ಪರೀಕ್ಷೆ ಬದುವಿನ ಮೇಲೆ ನಡೆಯುತ್ತದೆ. ಅಲ್ಲಿ ನಮ್ಮ ಪಕ್ಕ ಯಾರು ಕೂತಿದ್ದಾರೆ ಎಂದು ನೋಡಿದರೆ ನಮ್ಮ ವಿಶ್ವಾಸ ಎಷ್ಟರ ಮಟ್ಟಿಗೆ ಬುತ್ತಿಯಾಗಿದೆ ಎಂಬುದು ನಮಗೇ ತಿಳಿಯುತ್ತದೆ.